ಕೋಲಾರ ಸೀಮೆಯನ್ನು ನೋಡಬರುವವರಿಗೆ ಕೆಲವು ಸೂಚನೆಗಳು

ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಗಳಲ್ಲಿ ಅನೇಕರು ಈಗ ದೂರದ ನಗರಗಳಲ್ಲಿ ನೆಲಸಿದ್ದಾರೆ. ಊರಿಗೆ ಬರುವಾಗ ಅವರು ಸ್ನೇಹಿತರನ್ನೋ ಬಂಧುಗಳನ್ನೋ ಕರೆತರುವುದುಂಟು. “ಇಲ್ಲಿ ನೋಡುವಂಥದು ಏನಿದೆ?” ಎಂದು ಅತಿಥಿಗಳು ಕೇಳಿದರೆ, “ಚಿನ್ನದ ಗಣಿಯೊಂದಿತ್ತು, ಅದೂ ಮುಚ್ಚಿಹೋಯಿತು” ಎಂದು ಹೇಳಿ ಸುಮ್ಮನಾಗುವವರೇ ಹೆಚ್ಚು. ಗಣಿಯ ಕೆಲಸ 2001ರಲ್ಲಿ ನಿಂತದ್ದು ನಿಜ. ಹಳೆಯ ಪ್ರವಾಸ ಪುಸ್ತಕಗಳು ಈ ಜಿಲ್ಲೆಯ ಹೆಸರಿನಲ್ಲಿ ಹೊಗಳುತ್ತಿದ್ದ ನಂದಿಬೆಟ್ಟವೂ 2007ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಗೆ ಸೇರಿತು. ಆದರೂ ಉಳಿದಿರುವುದು ಅಲ್ಪವಲ್ಲ. ಯಾವ ಹೊತ್ತಿನಲ್ಲಿ ಹೋಗಬೇಕು, ಯಾವ ಕಾಲದಲ್ಲಿ ಹೋಗಬೇಕು, ಯಾರನ್ನು ಕೇಳಬೇಕು ಎಂಬ ಮೂರು ಸಂಗತಿಗಳನ್ನು ಅರಿತವನಿಗೆ ಈ ಸೀಮೆ ತನ್ನಲ್ಲಿರುವುದನ್ನು ತೋರಿಸುತ್ತದೆ.

ಮೊದಲು ಹೊತ್ತಿನ ಮಾತು. ಬಹಳ ವರ್ಷಗಳ ಹಿಂದೆ ಈ ಲೇಖಕನು ಮಕ್ಕಳ ತಂಡವೊಂದನ್ನು ದೇವಾಲಯವೊಂದಕ್ಕೆ ಕರೆದೊಯ್ದಿದ್ದನು. ತಲಪಿದಾಗ ನಡುಮಧ್ಯಾಹ್ನ, ಬಾಗಿಲು ಹಾಕಿ ಅರ್ಚಕರು ಮನೆಗೆ ತೆರಳಿದ್ದರು. ಕಾದ ಬಂಡೆಯ ಮೇಲೆ ಬರಿಗಾಲಲ್ಲಿ ಕುಣಿಯುತ್ತಿದ್ದ ಮಕ್ಕಳನ್ನು ಏನೂ ತೋರಿಸದೆ ಹಿಂದಕ್ಕೆ ಕರೆತರಬೇಕಾಯಿತು. ತಪ್ಪು ನನ್ನದೇ. ನಮ್ಮ ಕಡೆಯ ದೇವಾಲಯಗಳನ್ನೂ ಬೆಟ್ಟಗಳನ್ನೂ ಬೆಳಗಿನ ಹತ್ತು ಗಂಟೆಯೊಳಗೆ, ಇಲ್ಲವೆ ಸಂಜೆ ನಾಲ್ಕರ ತರುವಾಯ ನೋಡುವುದು ಮೇಲು.

ಕೋಲಾರ

ಬೆಂಗಳೂರಿನಿಂದ ಸುಮಾರು 68 ಕಿ.ಮೀ. ದೂರದ ಕೋಲಾರವು ಗಂಗರ ಕಾಲದ ಕುವಳಾಲಪುರ. ತಲಕಾಡಿಗೆ ಹೋದ ಮೇಲೂ ಗಂಗ ಅರಸರು ‘ಕುವಳಾಲಪುರವರೇಶ್ವರ’ ಎಂಬ ಬಿರುದನ್ನು ಬಿಡಲಿಲ್ಲ. ಕೋಲಾರಮ್ಮನ ಗುಡಿಯಲ್ಲಿ ದೇವಿಯನ್ನು ಕನ್ನಡಿಯಲ್ಲಿ ಕಾಣುವ ಪದ್ಧತಿಯಿದೆ. ಅದೇ ಆವರಣದಲ್ಲಿ ಚೇಳಮ್ಮನಿದ್ದಾಳೆ. ಅವಳಿಗೆ ನಡೆದುಕೊಂಡವರಿಗೆ ಚೇಳಿನ ಬಾಧೆಯಿಲ್ಲವೆಂಬುದು ಜನರ ನಂಬಿಕೆ. ದರ್ಶನ ಮುಗಿಸಿ ಹೊರಟುಬಿಡದೆ ಗೋಡೆಗಳನ್ನೂ ನೋಡಬೇಕು. ಅಲ್ಲಿರುವ ತಮಿಳು ಶಾಸನಗಳು ಚೋಳರ ಆಳ್ವಿಕೆಯ ದಾಖಲೆಗಳು. ರೈಸ್ ಸಾಹೇಬರು 1905ರಲ್ಲಿ ಪ್ರಕಟಿಸಿದ ‘ಎಪಿಗ್ರಾಫಿಯ ಕರ್ನಾಟಿಕ’ದ ಹತ್ತನೆಯ ಸಂಪುಟ ಈ ಜಿಲ್ಲೆಗೇ ಮೀಸಲು. ಅಧ್ಯಾಪಕ ಮಿತ್ರರು ಅದನ್ನು ಮೊದಲೇ ತಿರುವಿಹಾಕಿ ಹೋದರೆ ಕಲ್ಲು ಮಾತಾಡಿದಂತಾಗುತ್ತದೆ. ವಿಜಯನಗರದ ಕಾಲದ ಸೋಮೇಶ್ವರ ದೇವಾಲಯ ಅಲ್ಲಿಗೆ ಸಮೀಪ. ಅದರ ಕಲ್ಯಾಣಮಂಟಪದ ಕಂಬಗಳ ಕೆತ್ತನೆಗೆ ಅರ್ಧ ಗಂಟೆಯನ್ನಾದರೂ ಕೊಡಬೇಕು.

ಊರಿಗೆ ಸುಮಾರು 4 ಕಿ.ಮೀ. ದೂರದಲ್ಲಿ, ಶತಶೃಂಗ ಪರ್ವತದ ಮೇಲೆ ಅಂತರಗಂಗೆಯಿದೆ. ನದಿಯಿಲ್ಲದ ಬರದ ನಾಡೆಂದು ಹೆಸರಾದ ಕಡೆ ಕಲ್ಲಿನ ಬಸವನ ಬಾಯಿಂದ ನೀರು ಹರಿಯುವುದನ್ನು ಕಂಡಾಗ ನಮ್ಮ ಹಿರಿಯರು ಅದನ್ನು ಗಂಗೆಯೆಂದು ಕರೆದುದೇಕೆಂಬುದು ತಿಳಿಯುತ್ತದೆ. ಮೆಟ್ಟಿಲುಗಳಲ್ಲಿ ಕೋತಿಗಳ ಕಾಟ ಹೆಚ್ಚು. ತಿಂಡಿಯ ಪೊಟ್ಟಣವನ್ನು ಕೈಯಲ್ಲಿ ಹಿಡಿಯಬಾರದು. ಮೇಲಿನ ಗವಿಗಳಿಗೆ ದಾರಿ ಬಲ್ಲ ಸ್ಥಳೀಯರಿಲ್ಲದೆ ಇಳಿಯಲೂ ಬಾರದು.

ಮಾಲೂರು

ಚೆನ್ನೈ ಕಡೆಯ ರೈಲುಮಾರ್ಗದಲ್ಲಿರುವ ಮಾಲೂರು ಹೆಂಚಿಗೆ ಹೆಸರಾದ ಊರು. ಈ ತಾಲೂಕಿನ ಶಿವಾರಪಟ್ಟಣದಲ್ಲಿ ಶಿಲ್ಪಿಗಳು ಇಂದಿಗೂ ಕಲ್ಲಿನಲ್ಲಿ ದೇವತಾಮೂರ್ತಿಗಳನ್ನು ಕಡೆಯುತ್ತಿದ್ದಾರೆ. ಅಲ್ಲಿಗೆ ಹೋದವರು ಮೊದಲ ಮಾತಿಗೇ ಬೆಲೆ ಕೇಳಬಾರದು. ಉಳಿಯ ಸದ್ದು ನಿಲ್ಲುವವರೆಗೆ ತಾಳ್ಮೆಯಿಂದ ನಿಂತು, ಆಮೇಲೆ ಕಲ್ಲಿನ ಜಾತಿಯನ್ನೂ ಅಳತೆಯ ಕ್ರಮವನ್ನೂ ಕೇಳಿದರೆ ಶಿಲ್ಪಿ ಸಂತೋಷದಿಂದ ವಿವರಿಸುತ್ತಾನೆ. ಸಾಹಿತ್ಯಾಭಿಮಾನಿಗಳು ಮಾಸ್ತಿ ಗ್ರಾಮಕ್ಕೂ ಹೋಗಬೇಕು. ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು 1891ರಲ್ಲಿ ಇದೇ ತಾಲೂಕಿನ ಹುಂಗೇನಹಳ್ಳಿಯಲ್ಲಿ ಜನಿಸಿದರು. ಚಿಕ್ಕತಿರುಪತಿಗೆ ಹೋಗುವವರು ಶನಿವಾರವನ್ನು ಬಿಟ್ಟರೆ ನೂಕುನುಗ್ಗಲು ತಪ್ಪುತ್ತದೆ.

ಮುಳಬಾಗಿಲು

ಮೂಡಣ ದಿಕ್ಕಿನ ಬಾಗಿಲಾದ್ದರಿಂದ ಈ ಊರು ಮುಳಬಾಗಿಲಾಯಿತು. ಇಲ್ಲಿಗೆ ರೈಲಿಲ್ಲ, ಕೋಲಾರದಿಂದ ಬಸ್ಸಿನಲ್ಲಿ ಸುಮಾರು 30 ಕಿ.ಮೀ. ಬರಬೇಕು. ಕುರುಡುಮಲೆಯಲ್ಲಿ ಸುಮಾರು 13 ಅಡಿ ಎತ್ತರದ ಏಕಶಿಲಾ ಗಣಪತಿಯಿದೆ. ಗಣಪತಿಯನ್ನು ನೋಡಿದವರಲ್ಲಿ ಹಲವರು ಅದೇ ಊರಿನ ಸೋಮೇಶ್ವರ ದೇವಾಲಯವನ್ನು ನೋಡದೆಯೇ ಹಿಂದಿರುಗುತ್ತಾರೆ, ಹಾಗಾಗಬಾರದು. ಆವನಿಯಲ್ಲಿ ನೊಳಂಬರ ಕಾಲದ ರಾಮಲಿಂಗೇಶ್ವರ ದೇವಾಲಯಗಳ ಸಮೂಹವಿದೆ. ಸೀತೆ ಲವಕುಶರನ್ನು ಹೆತ್ತದ್ದು ಇಲ್ಲಿನ ಬೆಟ್ಟದ ಮೇಲೆಂದು ಜನ ಹೇಳುವರು. ಶಿವರಾತ್ರಿಯ ಸಮಯದಲ್ಲಿ ಬಂದರೆ ಆವನಿಯ ದನಗಳ ಜಾತ್ರೆಯನ್ನೂ ಕಾಣಬಹುದು. ಡಿ.ವಿ. ಗುಂಡಪ್ಪನವರು 1887ರಲ್ಲಿ ಹುಟ್ಟಿದ್ದು ಈ ಮುಳಬಾಗಿಲಿನಲ್ಲಿ. ಹಸಿದವರು ಇಲ್ಲಿನ ಪ್ರಸಿದ್ಧ ದೋಸೆಯನ್ನು ಮರೆಯಬಾರದೆಂದು ಬೇರೆ ಹೇಳಬೇಕಾಗಿಲ್ಲ.

ಶ್ರೀನಿವಾಸಪುರ

ಇಲ್ಲಿ ನೋಡತಕ್ಕದ್ದು ಮಾವಿನ ತೋಪುಗಳು. ಮೇ ತಿಂಗಳಿಂದ ಜುಲೈವರೆಗೆ ಬಾದಾಮಿ, ರಸಪುರಿ, ಮಲ್ಲಿಕಾ, ಬೇನಿಷಾ, ನೀಲಂ, ತೋತಾಪುರಿ ಮುಂತಾದ ಹಣ್ಣುಗಳು ಮಾರುಕಟ್ಟೆಗೆ ರಾಶಿರಾಶಿಯಾಗಿ ಬರುತ್ತವೆ. ತೋಪಿಗೆ ಹೋದವರು ಕೇಳದೆ ಒಂದು ಕಾಯಿಯನ್ನೂ ಕೀಳಬಾರದು. ಎಷ್ಟೋ ತೋಪುಗಳನ್ನು ಹೂವು ಬಿಟ್ಟಾಗಲೇ ಗುತ್ತಿಗೆಗೆ ಕೊಟ್ಟಿರುತ್ತಾರೆ. ಕಾಯಿ ಕಡಿಮೆಯಾದರೆ ಕಾವಲಿನವನು ಉತ್ತರ ಹೇಳಬೇಕಾಗುತ್ತದೆ. 2025ರ ಜೂನ್‌ನಲ್ಲಿ ನೆರೆಯ ಚಿತ್ತೂರು ಜಿಲ್ಲೆಯು ನಮ್ಮ ತೋತಾಪುರಿಯನ್ನು ಒಳಗೆ ಬಿಡದಿದ್ದಾಗ ಇಲ್ಲಿನ ಬೆಳೆಗಾರರು ಪಟ್ಟ ಪಾಡನ್ನು ಕಂಡವರು, ಹಣ್ಣಿಗಾಗಿ ರೈತನೊಡನೆ ಚೌಕಾಸಿ ಮಾಡಲಾರರು.

ಮಾತು ಮತ್ತು ಮರ್ಯಾದೆ

ಈ ಸೀಮೆಯ ಹಳ್ಳಿಗಳಲ್ಲಿ ಅನೇಕರ ಮನೆಮಾತು ತೆಲುಗು. ಕನ್ನಡದಲ್ಲಿ ಕೇಳಿದರೆ ಕನ್ನಡದಲ್ಲಿಯೇ ಉತ್ತರ ದೊರೆಯುತ್ತದೆ; ನಡುವೆ ತೆಲುಗು ಬೆರೆತರೆ ಅಚ್ಚರಿಪಡಬೇಕಾಗಿಲ್ಲ. ಅಣ್ಣ, ಅಮ್ಮ, ತಾತ ಎಂದು ಕರೆದು ಮಾತನಾಡಿಸಿದವರಿಗೆ ದಾರಿ ತೋರಿಸಲು ಜನ ನಾಲ್ಕು ಹೆಜ್ಜೆ ಜೊತೆಗೇ ಬರುತ್ತಾರೆ. ವೀರಗಲ್ಲಿನ ಮೇಲೆ ಕೂರುವುದು, ಶಾಸನದ ಮೇಲೆ ಹೆಸರು ಕೆತ್ತುವುದು ಇವೆರಡನ್ನೂ ಯಾರೂ ಮಾಡಬಾರದು. ಒಮ್ಮೆ ಅಳಿಸಿಹೋದ ಅಕ್ಷರ ಮತ್ತೆ ಬಾರದು.

ಕೊನೆಯದಾಗಿ ನಮ್ಮವರಲ್ಲಿಯೇ ಒಂದು ಬಿನ್ನಹ. ಪ್ರತಿವರ್ಷ ಶೈಕ್ಷಣಿಕ ಪ್ರವಾಸವೆಂದು ನಾವು ಮಕ್ಕಳನ್ನು ಬೇಲೂರಿಗೂ ಮೈಸೂರಿಗೂ ಕರೆದೊಯ್ಯುತ್ತೇವೆ, ಅದು ಆಗಲೇಬೇಕು. ಆದರೆ ಆವನಿಯನ್ನು ಕಾಣದ ಮುಳಬಾಗಿಲಿನ ಬಾಲಕ, ಶಿವಾರಪಟ್ಟಣವನ್ನು ಕಾಣದ ಮಾಲೂರಿನ ಬಾಲಿಕೆ ನಮ್ಮ ತರಗತಿಗಳಲ್ಲಿ ಇದ್ದಾರೆ. ನಾಳೆ ಅತಿಥಿಗಳು ಕೇಳಿದಾಗ ಉತ್ತರಿಸಬೇಕಾದವರು ಈ ಮಕ್ಕಳೇ. ಹಿತೈಷಿಗಳು ಒಂದು ದಿನದ ಬಸ್ಸಿನ ವೆಚ್ಚವನ್ನು ವಹಿಸಿಕೊಂಡು, ಅಧ್ಯಾಪಕರು ಒಂದು ಭಾನುವಾರವನ್ನು ಕೊಟ್ಟರೆ, ನಾಲ್ಕು ತಾಲೂಕುಗಳನ್ನು ನಾಲ್ಕು ಸಲಕ್ಕೆ ತೋರಿಸಬಹುದು. ಪರಸ್ಥಳದವರಿಗೆ ದಾರಿ ಹೇಳುವ ಮೊದಲು ನಮ್ಮ ಮಕ್ಕಳು ಆ ದಾರಿಯಲ್ಲಿ ಒಮ್ಮೆ ನಡೆದಿರಬೇಕು.