ಕಡಲಿನ ಕೋಡಿ

ಬೇಸಿಗೆ ರಜೆ ಹತ್ತಿರವಾಯಿತೆಂದರೆ ನಮ್ಮ ಗೋಷ್ಠಿಯ ಮಾತು ಕಾದಂಬರಿಯಿಂದ ಕಡಲತೀರಕ್ಕೆ ಜಾರುವುದು ವಾಡಿಕೆ. ಈ ಸಲವೂ ಹಾಗೇ ಆಗಿದೆ. ಅರ್ಧ ಜನ ಆಗಲೇ ಟಿಕೆಟ್ ತೆಗೆದಿದ್ದಾರೆ, ಉಳಿದರ್ಧ ಜನ ಒಳ್ಳೆಯ ಡೀಲ್‌ಗಾಗಿ ಕಾದು ಕುಳಿತಿದ್ದಾರೆ. "ನೀವು ಹವಾಯಿಗೆ ಹೋಗಿ ಬಂದವರಲ್ಲವೇ, ಏನೇನು ನೋಡಬೇಕು ಬರೆದುಕೊಡಿ" ಎಂದು ನಾಲ್ಕಾರು ಮಂದಿ ಕೇಳಿದ್ದರಿಂದ ಈ ಲೇಖನಕ್ಕೆ ಕುಳಿತೆವು. ನೋಡುವ ಜಾಗಗಳ ಪಟ್ಟಿ ಎಲ್ಲಿ ಬೇಕಾದರೂ ಸಿಗುತ್ತದೆ. ನಾವು ಹೇಳಹೊರಟಿರುವುದು ಬೇರೆ ಸಂಗತಿ. ಅದನ್ನು ಹೋಗುವ ಮುಂಚೆ ನಮಗೆ ಯಾರಾದರೂ ಹೇಳಿದ್ದರೆ ಎಷ್ಟೋ ಚೆನ್ನಾಗಿತ್ತು.

ನಮ್ಮ ಮದುವೆಗೆ ಇಪ್ಪತ್ತೈದು ತುಂಬಿದ ವರ್ಷ ಅದು. ಜೂನ್ ತಿಂಗಳಲ್ಲಿ ನಾಲ್ಕು ಸಂಸಾರಗಳು, ಎಂಟು ಜನ ದೊಡ್ಡವರು, ಆರು ಮಕ್ಕಳು, ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ವಿಮಾನ ಹತ್ತಿ ಸುಮಾರು ಐದೂವರೆ ಗಂಟೆಯಲ್ಲಿ ಕವಾಯಿ ದ್ವೀಪಕ್ಕೆ ಇಳಿದೆವು. ಸೂಟ್‌ಕೇಸಿನಲ್ಲಿ ಈಜುಡುಗೆಗಿಂತ ಹೆಚ್ಚು ಜಾಗ ಹಿಡಿದದ್ದು ಚಟ್ನಿಪುಡಿ, ಪುಳಿಯೋಗರೆ ಗೊಜ್ಜು ಮತ್ತು ರೈಸ್ ಕುಕ್ಕರ್. ಪೂರ್ವ ತೀರದಲ್ಲಿ ಕಡಲಿಗೆ ಮುಖ ಮಾಡಿದ ದೊಡ್ಡ ಮನೆಯೊಂದನ್ನು ವಾರಕ್ಕೆ ಬಾಡಿಗೆ ಹಿಡಿದಿದ್ದೆವು.

ಕವಾಯಿ ನಮ್ಮ ಮಲೆನಾಡಿನ ಅಣ್ಣನ ಹಾಗಿದೆ. ಹವಾಯಿಯ ಮುಖ್ಯ ದ್ವೀಪಗಳಲ್ಲಿ ಇದು ಬಹಳ ಹಳೆಯದು, ಸುಮಾರು 50 ಲಕ್ಷ ವರ್ಷ ವಯಸ್ಸು. ಇಲ್ಲಿನ ಜ್ವಾಲಾಮುಖಿ ಆರಿಹೋಗಿ, ಮಳೆ ಅದನ್ನು ಕೊರೆದು ಕೊರೆದು ಕಣಿವೆಗಳನ್ನು ಮಾಡಿದೆ. ನಡುವೆ ನಿಂತಿರುವ ವೈಅಲೆಅಲೆ ಬೆಟ್ಟದ ನೆತ್ತಿಗೆ ವರ್ಷಕ್ಕೆ ಸರಾಸರಿ 9,500 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ನಮ್ಮ ಆಗುಂಬೆಗೆ ಬೀಳುವುದು ಏಳೂವರೆ ಸಾವಿರದ ಆಸುಪಾಸು. ಉತ್ತರದ ಹನಲೇ ಕಣಿವೆಯಲ್ಲಿ ಗದ್ದೆ ಗದ್ದೆಯೇ ಕೆಸುವಿನ ಸೊಪ್ಪು! ಜೊತೆಗಿದ್ದ ಕುಂದಾಪುರದ ಗೆಳತಿ ಕಾರು ನಿಲ್ಲಿಸಿ, "ಒಂದು ಕಟ್ಟು ಸಿಕ್ಕಿದ್ರೆ ಪತ್ರೊಡೆ ಮಾಡ್ಲಿಕ್ಕಿತ್ತು ಮಾರಾಯ್ರೆ" ಎಂದು ನಿಟ್ಟುಸಿರಿಟ್ಟರು. ಮಾರನೆಯ ದಿನ ಇರೈವನ್ ದೇಗುಲ ನೋಡಿದೆವು. ಅದರ ಬಿಳಿಯ ಗ್ರಾನೈಟ್ ಕಲ್ಲುಗಳನ್ನು ಬೆಂಗಳೂರಿನ ಹೊರವಲಯದಲ್ಲಿ ಶಿಲ್ಪಿಗಳು ಕೈಯಲ್ಲೇ ಕೆತ್ತಿ, ಹಡಗಿನಲ್ಲಿ ಇಷ್ಟು ದೂರ ಕಳಿಸಿದ್ದರು. ಕೆತ್ತನೆ 1990ರಲ್ಲಿ ಶುರುವಾಯಿತು, ಕುಂಭಾಭಿಷೇಕ ನಡೆದದ್ದು 2023ರ ಮಾರ್ಚ್‌ನಲ್ಲಿ. ಹೀಗೆ ಊರಿನ ನೆನಪಿನಲ್ಲೇ ಮೂರು ದಿನ ಹಾಯಾಗಿ ಕಳೆಯಿತು.

ನಾಲ್ಕನೆಯ ದಿನವೇ ನಮ್ಮ ವಾರ್ಷಿಕೋತ್ಸವ. ಸಂಜೆ ಕೇಕ್ ಕತ್ತರಿಸುವುದಕ್ಕೆ ಮುಂಚೆ ಮನೆಯ ಎದುರಿನ ಮರಳಿನ ಮೇಲೆ ಗ್ರೂಪ್ ಫೋಟೋ ಎಂದು ತೀರ್ಮಾನವಾಯಿತು. ಅಲೆಗಳು ಅಲ್ಲಲ್ಲಿ ಬೆಳ್ಳಗೆ ಒಡೆಯುತ್ತಿದ್ದವು. ನಡುವೆ ಒಂದು ಕಡೆ ಮಾತ್ರ ಅಲೆಯೇ ಇರಲಿಲ್ಲ. ಕಡುನೀಲಿ ನೀರು, ನಮ್ಮೂರ ಕೆರೆಯ ಹಾಗೆ ತಣ್ಣಗೆ. "ಇಲ್ಲೇ ಸೇಫ್" ಎಂದು ಮೈಸೂರಿನ ಗೆಳೆಯರು ಸೊಂಟದವರೆಗೆ ಇಳಿದು, ನಮ್ಮತ್ತ ತಿರುಗಿ ನಗುತ್ತಾ ನಿಂತರು. ಅವರಿಗೆ ಈಜು ಬರುತ್ತಿತ್ತು, ಆದರೆ ಕ್ಲಬ್ಬಿನ ಕೊಳದಲ್ಲಿ ಕಲಿತ ಈಜು. ನಾವು ಕ್ಯಾಮೆರಾ ಸರಿಮಾಡಿ ತಲೆ ಎತ್ತುವಷ್ಟರಲ್ಲಿ ಅವರು ಎದೆಮಟ್ಟದ ನೀರಿನಲ್ಲಿದ್ದರು. ಇನ್ನೊಮ್ಮೆ ನೋಡಿದಾಗ ತಲೆ ಮಾತ್ರ ಕಾಣುತ್ತಿತ್ತು. ದಡದ ಕಡೆಗೆ ಕೈ ಬಡಿಯುತ್ತಿದ್ದರು, ಆದರೆ ದೂರ ದೂರ ಹೋಗುತ್ತಲೇ ಇದ್ದರು.

ಆಮೇಲಿನ ಹತ್ತು ನಿಮಿಷ ನಮ್ಮ ಇಪ್ಪತ್ತೈದು ವರ್ಷಕ್ಕಿಂತ ಉದ್ದವಾಗಿತ್ತು. ನಮ್ಮಲ್ಲೊಬ್ಬರು ಶರ್ಟು ಬಿಚ್ಚಿ ನೀರಿಗೆ ಓಡಿದ್ದಾಯಿತು, ಅದೂ ಈಜು ಬಾರದವರು! ಕುಂದಾಪುರದ ಗೆಳತಿ ಹಿಂದಿನಿಂದ ಬಂದು ಸೊಂಟ ಹಿಡಿದು ಎಳೆದರು. "ಒಬ್ಬರು ಸಾಲದಾ ನಿಮಗೆ?" ಎಂದು ಗದರಿ, ಯಾರಾದರೂ 911ಕ್ಕೆ ಫೋನ್ ಮಾಡಿ ಎಂದು ಕೂಗುತ್ತಾ ಕಪ್ಪು ಬಂಡೆಯೊಂದನ್ನು ಹತ್ತಿದರು. ಎದುರುಗಾಳಿಗೆ ಮಾತು ಕೇಳಿಸುವಂತಿರಲಿಲ್ಲ. ಅವರು ಎರಡೂ ತೋಳು ಚಾಚಿ, ತಲೆ ಹಿಂದಕ್ಕೆ ವಾಲಿಸಿ, ಅಂಗಾತ ಮಲಗಿದವರ ಹಾಗೆ ಮತ್ತೆ ಮತ್ತೆ ಮಾಡಿ ತೋರಿಸಿದರು. ನೀರಿನಲ್ಲಿದ್ದವರಿಗೆ ಹೇಗೋ ಅರ್ಥವಾಯಿತು. ಕೈ ಬಡಿಯುವುದನ್ನು ನಿಲ್ಲಿಸಿ ತೇಲಿದರು. ಅಲೆ ಒಡೆಯುವ ಜಾಗ ದಾಟಿದ ಮೇಲೆ ಸೆಳವು ತಾನಾಗಿ ಸಡಿಲವಾಯಿತು. ಅಷ್ಟರಲ್ಲಿ ಪಕ್ಕದ ತೀರದಿಂದ ಸ್ಥಳೀಯ ಹುಡುಗನೊಬ್ಬ ಸರ್ಫ್ ಹಲಗೆಯ ಮೇಲೆ ಹೋಗಿ ಅವರನ್ನು ಹತ್ತಿಸಿಕೊಂಡು, ಸುತ್ತುಬಳಸಿ ಬೇರೆ ಕಡೆ ದಡಕ್ಕೆ ತಂದ. ಗೆಳೆಯರು ಮರಳಿನ ಮೇಲೆ ಬಿದ್ದುಕೊಂಡು, ಒಂದಿಷ್ಟು ಉಪ್ಪುನೀರು ಕಕ್ಕಿ, ಮೊದಲು ಕೇಳಿದ್ದು "ಫೋಟೋ ಬಂತಾ?" ನಗಬೇಕೋ ಅಳಬೇಕೋ ತಿಳಿಯದೆ ನಾವೆಲ್ಲ ಎರಡನ್ನೂ ಮಾಡಿದೆವು. ಕೇಕ್ ಕತ್ತರಿಸುವ ಹೊತ್ತಿಗೆ ರಾತ್ರಿ ಒಂಬತ್ತಾಗಿತ್ತು.

ಅಂದು ರಾತ್ರಿ ಗೆಳತಿ ವಿವರಿಸಿದ್ದನ್ನೂ, ಆಮೇಲೆ ನಾವು ಓದಿ ತಿಳಿದುಕೊಂಡಿದ್ದನ್ನೂ ಸೇರಿಸಿ ಹೇಳುತ್ತೇವೆ.

ಇಂಗ್ಲಿಷಿನಲ್ಲಿ ಇದಕ್ಕೆ ರಿಪ್ ಕರೆಂಟ್ ಎನ್ನುತ್ತಾರೆ. ನಾವು ಸೆಳವು ಎನ್ನೋಣ. ಕೆರೆ ಕಂಡವರಿಗೆ ಇದು ಸುಲಭವಾಗಿ ತಿಳಿಯುತ್ತದೆ. ಮಳೆಗಾಲದಲ್ಲಿ ಕೆರೆ ತುಂಬಿದಾಗ ಹೆಚ್ಚಿನ ನೀರು ಏರಿಯ ಮೇಲೆಲ್ಲ ಹರಿಯುವುದಿಲ್ಲ, ತಗ್ಗಾದ ಕೋಡಿಯಲ್ಲಿ ನುಗ್ಗುತ್ತದೆ. ಕಡಲಿನಲ್ಲೂ ಹಾಗೆಯೇ. ದಡದಿಂದ ಸ್ವಲ್ಪ ದೂರದಲ್ಲಿ ನೀರಿನಡಿ ಮರಳಿನ ದಿಬ್ಬವೋ ಹವಳದ ದಿಣ್ಣೆಯೋ ಏರಿಯ ಹಾಗೆ ಇರುತ್ತದೆ. ಅಲೆಗಳು ಅದರ ಮೇಲೆ ಒಡೆದು ನೀರನ್ನು ದಡದ ಕಡೆಗೆ ಸುರಿಯುತ್ತಲೇ ಇರುತ್ತವೆ. ಹಾಗೆ ತುಂಬಿಕೊಂಡ ನೀರು ವಾಪಸು ಹೋಗಲೇಬೇಕಲ್ಲ? ದಿಬ್ಬದಲ್ಲಿ ಎಲ್ಲಿ ಕಂಡಿಯಿದೆಯೋ ಅಲ್ಲಿ ಒಟ್ಟಾಗಿ ನುಗ್ಗುತ್ತದೆ. ಅದೇ ಕಡಲಿನ ಕೋಡಿ.

ಈಗ ಮೋಸದ ಸಂಗತಿಗೆ ಬನ್ನಿ. ಕಂಡಿಯಿರುವ ಕಡೆ ನೀರು ಆಳ. ಆಳದ ಕಡೆ ಅಲೆ ಒಡೆಯುವುದು ಕಡಿಮೆ. ಹಾಗಾಗಿ ಬಿಳಿ ನೊರೆಗಳ ನಡುವೆ ಕಡುಬಣ್ಣದ, ಶಾಂತವಾದ ಓಣಿಯೊಂದು ಕಂಡರೆ ಅದು ಸುರಕ್ಷಿತ ಜಾಗವೆಂದು ಕಣ್ಣು ಹೇಳುತ್ತದೆ. ನಿಜದಲ್ಲಿ ಅದೇ ಸೆಳವಿನ ಬಾಗಿಲು. ನಮ್ಮ ಗೆಳೆಯರು ಹುಡುಕಿ ಹುಡುಕಿ ನಿಂತದ್ದು ಅಲ್ಲೇ! ನೊರೆ, ಎಲೆ, ಕಸ ಕಡಲ ಕಡೆಗೆ ಸಾಗುತ್ತಿದ್ದರೆ, ಅಥವಾ ಒಂದು ಪಟ್ಟೆ ನೀರು ಮಾತ್ರ ಮರಳು ಬೆರೆತು ರಾಡಿಯಾಗಿದ್ದರೆ ಅದೂ ಸೂಚನೆಯೇ. ಮರಳಿನ ದಿಬ್ಬಗಳು ಜಾಗ ಬದಲಿಸುತ್ತವೆ, ಆದ್ದರಿಂದ ನಿನ್ನೆ ಆಡಿದ ಜಾಗ ಇವತ್ತೂ ಒಳ್ಳೆಯದೆಂಬ ಖಾತ್ರಿ ಇಲ್ಲ.

ಸೆಳವಿನ ವೇಗ ಸಾಮಾನ್ಯವಾಗಿ ಸೆಕೆಂಡಿಗೆ 1ರಿಂದ 2 ಅಡಿ. ಆದರೆ 8 ಅಡಿಯವರೆಗೂ ಅಳೆದದ್ದುಂಟು. ಒಲಿಂಪಿಕ್ ಈಜುಗಾರರೂ ಅದರ ಎದುರು ಗೆಲ್ಲಲಾರರು, ಇನ್ನು ಕ್ಲಬ್ಬಿನ ಕೊಳದವರ ಪಾಡೇನು? ಅಮೆರಿಕದ ಅಲೆಯಿರುವ ತೀರಗಳಲ್ಲಿ ಲೈಫ್‌ಗಾರ್ಡ್‌ಗಳು ನಡೆಸುವ ರಕ್ಷಣೆಗಳಲ್ಲಿ ನೂರಕ್ಕೆ ಎಂಬತ್ತಕ್ಕಿಂತ ಹೆಚ್ಚು ಸೆಳವಿನವೇ ಎಂದು ಅವರ ರಾಷ್ಟ್ರೀಯ ಸಂಘ ಲೆಕ್ಕ ಹಾಕಿದೆ.

ಇಷ್ಟಾದರೂ ಸೆಳವು ಯಾರನ್ನೂ ಕೆಳಕ್ಕೆ ಎಳೆಯುವುದಿಲ್ಲ, ಇದನ್ನು ದಯವಿಟ್ಟು ನೆನಪಿಡಿ. ಅದು ಆಚೆಗೆ ಒಯ್ಯುತ್ತದೆ, ಅಷ್ಟೇ. ಮನುಷ್ಯನನ್ನು ಮುಳುಗಿಸುವುದು ಗಾಬರಿ ಮತ್ತು ಆಯಾಸ. ದಡ ಎದುರಿಗೇ ಕಾಣುತ್ತಿದೆಯಲ್ಲ ಎಂದು ನೇರ ಅದರತ್ತ ಈಜಿ, ಸುಸ್ತಾಗಿ, ನೀರು ಕುಡಿಯುತ್ತಾರೆ. ಮೊದಲು ಮಾಡಬೇಕಾದ್ದು ತೇಲುವುದು, ಉಸಿರು ಸರಿಮಾಡಿಕೊಳ್ಳುವುದು, ಒಂದು ಕೈ ಎತ್ತಿ ಕರೆಯುವುದು. ಈಜು ಬಲ್ಲವರು ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ, ಬಿಳಿ ಅಲೆ ಒಡೆಯುವ ಕಡೆ ಸೇರಿ, ಅದರ ಜೊತೆಗೆ ದಡಕ್ಕೆ ಬರಬಹುದು. ಒಂದು ಪಕ್ಕಕ್ಕೆ ಸಾಗದಿದ್ದರೆ ಇನ್ನೊಂದು ಪಕ್ಕ. ಕ್ಯಾಲಿಫೋರ್ನಿಯಾದ ಮಾಂಟೆರೆಯಲ್ಲಿರುವ ನೇವಲ್ ಪೋಸ್ಟ್‌ಗ್ರಾಜುಯೇಟ್ ಸ್ಕೂಲ್‌ನ ಜೇಮೀ ಮೆಕ್‌ಮಹಾನ್ ಮತ್ತು ಸಂಗಡಿಗರು ಜಿಪಿಎಸ್ ಕಟ್ಟಿದ ತೇಲುಗಳನ್ನು ಸೆಳವಿನಲ್ಲಿ ಬಿಟ್ಟು ನೋಡಿ, 2010ರಲ್ಲಿ ಅದರ ವರದಿ ಪ್ರಕಟಿಸಿದರು. ಬಹುಪಾಲು ತೇಲುಗಳು ಸಾಗರಕ್ಕೆ ಹೋಗದೆ, ಸುತ್ತಿ ಬಳಸಿ ದಡದ ಕಡೆಗೇ ಮರಳಿದ್ದವು. ಪ್ರತಿ ಸಲ ಹಾಗೇ ಆಗುತ್ತದೆಂದು ನಂಬಿ ಕೂರುವಂತಿಲ್ಲ, ಆದರೆ ಸುಮ್ಮನೆ ತೇಲುವುದು ಸೋಲಲ್ಲ ಎಂಬುದಂತೂ ನಿಜ. ಪ್ರವಾಹಕ್ಕೆ ಎದುರಾಗಿ ಈಜದಿರುವ ಈ ವಿದ್ಯೆಯಿಂದಲೇ ನಮ್ಮ ದಾಂಪತ್ಯಕ್ಕೂ ಇಪ್ಪತ್ತೈದು ತುಂಬಿತು ಎಂದು ನಮ್ಮಲ್ಲೊಬ್ಬರ ವಾದ. ಯಾರದೆಂದು ಹೇಳುವುದಿಲ್ಲ!

ದಡದಲ್ಲಿರುವವರಿಗೂ ಪಾಠವಿದೆ. ಬರಿಗೈಯಲ್ಲಿ ನೀರಿಗೆ ಹಾರಬಾರದು. ಬಳಲಿದವನು ಉಳಿಸಬಂದವನನ್ನೇ ತಬ್ಬಿ ಮುಳುಗಿಸುತ್ತಾನೆ. ತೇಲುವಂಥದ್ದು ಏನಿದ್ದರೂ ಎಸೆಯಿರಿ, ಖಾಲಿ ಕೂಲರ್ ಡಬ್ಬಿಯೂ ಆಗಬಹುದು. ಕವಾಯಿಯ ಹಲವು ತೀರಗಳಲ್ಲಿ ಕಂಬಕ್ಕೆ ತೇಲುವ ರಕ್ಷಣಾ ಟ್ಯೂಬ್ ನೇತುಹಾಕಿರುತ್ತಾರೆ. ತೀರಕ್ಕೆ ಹೋದ ಕೂಡಲೇ ಅದು ಎಲ್ಲಿದೆ ಎಂದು ನೋಡಿಟ್ಟುಕೊಳ್ಳಿ. ನಾವು ನೋಡಿರಲಿಲ್ಲ.

ಯಾವ ತೀರ, ಯಾವ ಕಾಲ ಎಂಬುದೂ ಮುಖ್ಯ. ಹವಾಯಿಯ ಸುತ್ತ ಅಲೆಗಳ ರಭಸ ತಗ್ಗಿಸುವಷ್ಟು ಅಗಲವಾದ ಆಳವಿಲ್ಲದ ಕಡಲಿಲ್ಲ, ಸಾವಿರಾರು ಮೈಲಿ ದೂರದಿಂದ ಬಂದ ಅಲೆ ಪೂರ್ತಿ ಬಲದಲ್ಲೇ ಬಡಿಯುತ್ತದೆ. ಚಳಿಗಾಲದಲ್ಲಿ ಉತ್ತರ ಪೆಸಿಫಿಕ್‌ನ ಬಿರುಗಾಳಿಗಳಿಂದ ಉತ್ತರ ತೀರದಲ್ಲಿ ಮನೆಯೆತ್ತರದ ಅಲೆ. ಬೇಸಿಗೆಯಲ್ಲಿ ಅದೇ ತೀರ ಹೆಚ್ಚಾಗಿ ಶಾಂತ. ಆಗ ದಕ್ಷಿಣಾರ್ಧ ಗೋಳದಲ್ಲಿ ಚಳಿಗಾಲವಾದ್ದರಿಂದ ಅಲ್ಲಿನ ಬಿರುಗಾಳಿಗಳ ಅಲೆ ಬಂದು ದಕ್ಷಿಣ ತೀರಕ್ಕೆ ಬಡಿಯುತ್ತದೆ. ಪೂರ್ವ ತೀರಕ್ಕೆ ವಾಣಿಜ್ಯ ಮಾರುತಗಳ ಕಾಟ ವರ್ಷವಿಡೀ. ನಾವು ಮನೆಯ ಬಾಡಿಗೆ, ಅಡುಗೆಮನೆ, ಕಾರ್ ಪಾರ್ಕಿಂಗ್ ಎಲ್ಲವನ್ನೂ ಮೂರು ತಿಂಗಳು ವಿಚಾರಿಸಿದ್ದೆವು. ಎದುರಿಗಿದ್ದ ಕಡಲಿನ ಬಗ್ಗೆ ಮೂರು ನಿಮಿಷವೂ ವಿಚಾರಿಸಿರಲಿಲ್ಲ. ತಪ್ಪು ಕಡಲಿನದಲ್ಲ, ನಮ್ಮದು.

ಮಕ್ಕಳು ಮರಿ ಕಟ್ಟಿಕೊಂಡು, ಊರಿನಿಂದ ಬಂದ ಅಪ್ಪ ಅಮ್ಮನನ್ನೂ ಕರೆದುಕೊಂಡು ಹೋಗುವವರಿಗೆ ಇಷ್ಟು ಹೇಳುತ್ತೇವೆ. ಲೈಫ್‌ಗಾರ್ಡ್ ಇರುವ ತೀರಕ್ಕೇ ಹೋಗಿ. ಕವಾಯಿಯಲ್ಲಾದರೆ ದಕ್ಷಿಣಕ್ಕೆ ಪೊಯಿಪು, ಉತ್ತರಕ್ಕೆ ಹನಲೇ, ಪೂರ್ವಕ್ಕೆ ಲಿಡ್ಗೇಟ್ ಪಾರ್ಕ್ ಇವೆ. ಲಿಡ್ಗೇಟ್‌ನಲ್ಲಿ ಬಂಡೆಗಳ ಗೋಡೆ ಕಟ್ಟಿ ಕಡಲನ್ನೇ ಕೊಳ ಮಾಡಿದ್ದಾರೆ, ಚಿಕ್ಕಮಕ್ಕಳಿಗೆ ಹೇಳಿ ಮಾಡಿಸಿದ ಜಾಗ. ಉಳಿದ ಮೂರು ದಿನ ನಾವು ಅಲ್ಲೇ ಠಿಕಾಣಿ ಹೂಡಿದ್ದೆವು, ಮಕ್ಕಳೂ ಬಣ್ಣಬಣ್ಣದ ಮೀನು ನೋಡುತ್ತಾ ನೀರು ಬಿಟ್ಟು ಬರಲಿಲ್ಲ. ಹೋದೊಡನೆ ಲೈಫ್‌ಗಾರ್ಡನ್ನು ಮಾತಾಡಿಸಿ, "ಇವತ್ತು ಎಲ್ಲಿ ಇಳಿಯಬಹುದು?" ಎಂದು ಕೇಳಿ. ಇದಕ್ಕೆ ನಾಚಿಕೆ ಬೇಡ, ಅವರು ಸಂತೋಷದಿಂದ ಹೇಳುತ್ತಾರೆ. ನೀರಿಗಿಳಿಯುವ ಮುನ್ನ ಹದಿನೈದು ಇಪ್ಪತ್ತು ನಿಮಿಷ ಸುಮ್ಮನೆ ಕಡಲನ್ನು ನೋಡಿ. ದೊಡ್ಡ ಅಲೆಗಳು ಗುಂಪಾಗಿ ಬರುತ್ತವೆ, ನಡುವೆ ಬಿಡುವು ಕೊಡುತ್ತವೆ. ಆ ಬಿಡುವನ್ನು ಶಾಂತಿಯೆಂದು ತಿಳಿಯಬೇಡಿ. ಎಂಟು ಜನ ದೊಡ್ಡವರಿದ್ದರೆ ಮಕ್ಕಳನ್ನು ಯಾರೂ ನೋಡುತ್ತಿರುವುದಿಲ್ಲ, ಎಲ್ಲರೂ ಇನ್ನೊಬ್ಬರು ನೋಡುತ್ತಿದ್ದಾರೆ ಎಂದುಕೊಂಡಿರುತ್ತಾರೆ! ಅರ್ಧ ಗಂಟೆಗೊಬ್ಬರ ಪಾಳಿ ಹಾಕಿ. ಪಾಳಿಯಲ್ಲಿರುವವರ ಕೈಯಲ್ಲಿ ಫೋನ್ ಬೇಡ, ಕಡಲೆಕಾಯಿ ಬೇಕಾದರೆ ಇರಲಿ. ಅಲೆಗೆ ಬೆನ್ನು ಹಾಕಿ ಫೋಟೋ ತೆಗೆಸಿಕೊಳ್ಳಬೇಡಿ.

ಇದು ಹವಾಯಿಯ ಮಾತು ಮಾತ್ರವಲ್ಲ. ನಮ್ಮ ಕರಾವಳಿಯಲ್ಲಿ ಮಳೆಗಾಲದಲ್ಲಿ ನೀರಿಗಿಳಿಯದಂತೆ ಜಿಲ್ಲಾಡಳಿತಗಳು ನಿರ್ಬಂಧ ಹಾಕುತ್ತವೆ. ಮೀನುಗಾರರು ಕೂಡ ಮಳೆಗಾಲದಲ್ಲಿ ದೋಣಿ ಮೇಲೆಳೆದು, ಕಡಲಿಗೆ ಪೂಜೆ ಸಲ್ಲಿಸಿಯೇ ಮತ್ತೆ ಇಳಿಯುವುದು. ಕಡಲನ್ನೇ ನಂಬಿ ಬದುಕುವವರಿಗೆ ಇರುವ ಈ ಭಯಭಕ್ತಿ ಬಯಲುಸೀಮೆಯಿಂದ ಹೋದ ನಮ್ಮಂಥವರಿಗೆ ಇರುವುದಿಲ್ಲ. 2024ರ ಡಿಸೆಂಬರ್‌ನಲ್ಲಿ ಶಾಲಾ ಪ್ರವಾಸಕ್ಕೆ ಬಂದಿದ್ದ ಕೋಲಾರ ಜಿಲ್ಲೆಯ ನಾಲ್ವರು ಹೆಣ್ಣುಮಕ್ಕಳು ಮುರುಡೇಶ್ವರದ ಕಡಲಲ್ಲಿ ಮುಳುಗಿ ತೀರಿಕೊಂಡರು. ಅದು ಮಳೆಗಾಲವೂ ಅಲ್ಲ. ಸುದ್ದಿ ಓದಿದ ದಿನ ನಮಗೆ ಊಟ ಸೇರಲಿಲ್ಲ.

ಊರಿಗೆ ಮರಳಿದ ಮೇಲೆ ನಾವಿಬ್ಬರೂ ಹತ್ತಿರದ ಕೊಳದಲ್ಲಿ ದೊಡ್ಡವರ ಈಜಿನ ತರಗತಿಗೆ ಸೇರಿದೆವು. ಐವತ್ತು ದಾಟಿದ ಮೇಲೆ ಮೂಗಿಗೆ ಕ್ಲಿಪ್ ಹಾಕಿಕೊಂಡು ನಿಂತಾಗ ಪಕ್ಕದ ಪಟ್ಟೆಯಲ್ಲಿದ್ದ ಮಕ್ಕಳು ನಕ್ಕದ್ದುಂಟು. ಮೊದಲ ದಿನ ಟೀಚರ್ ಕಲಿಸಿದ್ದು ಕೈಕಾಲು ಬಡಿಯುವುದನ್ನಲ್ಲ, ಅಂಗಾತ ತೇಲುವುದನ್ನು. ಕಿವಿಯೊಳಗೆ ನೀರು ತುಂಬಿ, ಮೇಲಿನ ಛಾವಣಿ ನೋಡುತ್ತಾ ಮಲಗಿದಾಗ ಬಂಡೆಯ ಮೇಲೆ ತೋಳು ಚಾಚಿ ನಿಂತ ಗೆಳತಿಯ ನೆನಪಾಯಿತು.

ಕಳೆದ ವಾರ ಬೆಂಗಳೂರಿನಿಂದ ಅಕ್ಕನ ಮಗ ಫೋನ್ ಮಾಡಿ, ಗೆಳೆಯರ ಜೊತೆ ಗೋಕರ್ಣಕ್ಕೆ ಹೊರಟಿದ್ದೇನೆ ಎಂದ. ಖುಷಿಯಾಗಿ ಹೋಗಿ ಬಾ ಎಂದೆವು. ಆಮೇಲೆ ಕೋಡಿಯ ಕಥೆಯನ್ನು ಇಪ್ಪತ್ತು ನಿಮಿಷ ಕೊರೆದೆವು. ನಿಮಗೂ ಈಗ ಅಷ್ಟೇ ಕೊರೆದಿದ್ದೇವೆ, ಕ್ಷಮೆಯಿರಲಿ. ಎಲ್ಲರಿಗೂ ಬೇಸಿಗೆ ರಜೆಯ ಶುಭಾಶಯಗಳು. ಹೋಗಿ ಬನ್ನಿ, ನೆನೆದು ಬನ್ನಿ. ಮುಂದಿನ ಗೋಷ್ಠಿಯಲ್ಲಿ ಎಲ್ಲರೂ ಸೇರೋಣ. ಮೈಸೂರಿನ ಗೆಳೆಯರು ಆ ಫೋಟೋ ತರುತ್ತಾರಂತೆ. ಫೋಟೋ ಬಂದಿತ್ತು, ಬಹಳ ಚೆನ್ನಾಗಿಯೇ ಬಂದಿತ್ತು!