ಕೆಳಗಿನ ಮನೆಗೆ ಹಾಡು ಕೇಳಿಸಲ್ಲ, ಬರೀ ಗುದ್ದು!

ಭಾನುವಾರ ಮಧ್ಯಾಹ್ನ ಮೂರು ಗಂಟೆ. ಬೆಲ್ ಆಯ್ತು. ಬಾಗಿಲು ತೆಗೆದರೆ ಕೆಳಗಿನ ಮನೆಯ ಮೇಷ್ಟ್ರು. ಅವರ ಮನೆಯವರಿಗೆ ಮಂಡಿ ಆಪರೇಷನ್ ಆಗಿ ಹದಿನೈದು ದಿನ ಆಗಿತ್ತಷ್ಟೇ.

ಜಗಳಕ್ಕೆ ಬಂದವರಲ್ಲ. ಮೆಲ್ಲಗೆ ಹೇಳಿದರು: "ನೀವು ಯಾವ ಹಾಡು ಹಾಕ್ತೀರೋ ನಮಗೆ ಗೊತ್ತೇ ಆಗಲ್ಲಪ್ಪ. ಬರೀ ಗುದ್ದು ಕೇಳಿಸುತ್ತೆ. ಶೋಕೇಸ್ ಗಾಜು ಬೇರೆ ಗಡಗಡ ಅನ್ನುತ್ತೆ. ಇವಳಿಗೆ ಒಂದು ಗಳಿಗೆ ಕಣ್ಣು ಹತ್ತಲ್ಲ."

ನನಗೆ ನಾಚಿಕೆ ಆಯ್ತು. ಬೋನಸ್ ಬಂದಾಗ ಆಸೆಪಟ್ಟು ತಂದ ಸ್ಪೀಕರ್ ಅವು. ನೆಲದ ಮೇಲೇ ನಿಲ್ಲುವಂಥವು, ಒಂದು ಮೀಟರ್ ಎತ್ತರ, ಒಂದೊಂದೂ 22 ಕೆಜಿ. ಹಾಲ್‌ನಲ್ಲಿ ದಪ್ಪ ಕಾರ್ಪೆಟ್ ಹಾಸಿ ಅದರ ಮೇಲೆ ನಿಲ್ಲಿಸಿದ್ದೆ. ಕಾರ್ಪೆಟ್ ಇದೆಯಲ್ಲ, ಸದ್ದು ಕೆಳಗೆ ಹೋಗಲ್ಲ ಅಂತ ನನ್ನ ಲೆಕ್ಕ.

ಆ ಲೆಕ್ಕವೇ ತಪ್ಪು. ಕಾರ್ಪೆಟ್ ಹೀರಿಕೊಳ್ಳೋದು ಹೆಚ್ಚಾಗಿ ತಾರಕದ ಸದ್ದನ್ನು. 40 ಹರ್ಟ್ಜ್‌ನ ಬೇಸ್ ಅಲೆ ಗಾಳಿಯಲ್ಲಿ ಸುಮಾರು 8.5 ಮೀಟರ್ ಉದ್ದ. ಅದಕ್ಕೆ ಅರ್ಧ ಇಂಚಿನ ಕಾರ್ಪೆಟ್ ಲೆಕ್ಕಕ್ಕೇ ಇಲ್ಲ.

ಸಮಸ್ಯೆ ಒಂದಲ್ಲ, ಎರಡು

ಸ್ಪೀಕರ್ ಕಾಲಿನ ಬಗ್ಗೆ ಹುಡುಕಲು ಕೂತರೆ ತಲೆ ಕೆಡುತ್ತದೆ. ಒಬ್ಬರು ಮೊನಚು ಸ್ಪೈಕ್ ಅಂತಾರೆ, ಇನ್ನೊಬ್ಬರು ರಬ್ಬರ್ ಅಂತಾರೆ, ಮತ್ತೊಬ್ಬರು ಕಲ್ಲಿನ ಹಲಗೆ ಅಂತಾರೆ. ಇಬ್ಬರೂ ಮೂವರೂ ಬೇರೆ ಬೇರೆ ಕಾಯಿಲೆಗೆ ಔಷಧಿ ಹೇಳುತ್ತಿದ್ದಾರೆ ಅನ್ನೋದು ನನಗೆ ತಡವಾಗಿ ಹೊಳೆಯಿತು.

ಮೊದಲನೆಯದು ಓಲಾಟ. ದಪ್ಪ ಕಾರ್ಪೆಟ್ ಮೇಲೆ ಎತ್ತರದ, ಕಿರಿದಾದ ಪೆಟ್ಟಿಗೆ ಗಟ್ಟಿಯಾಗಿ ನಿಲ್ಲುವುದಿಲ್ಲ. ಮೇಲ್ತುದಿಯನ್ನು ಒಂದು ಬೆರಳಲ್ಲಿ ತಳ್ಳಿ ನೋಡಿ, ತಲೆದೂಗುತ್ತದೆ. ಅಜ್ಜಿ ಮನೆಯ ತೆಳು ಜಮಖಾನೆ ಆಗಿದ್ದರೆ ಈ ತೊಂದರೆ ಇರುತ್ತಿರಲಿಲ್ಲ. ಎರಡನೆಯದು ಕಂಪನ, ಅಂದರೆ ಪೆಟ್ಟಿಗೆಯ ನಡುಕ ನೆಲಕ್ಕೆ ಇಳಿದು ಪಕ್ಕದವರ ಮನೆಗೆ ಹೋಗುವುದು.

ಸ್ಪೈಕ್ ಇರೋದು ಮೊದಲನೆಯದಕ್ಕೆ. ಅದು ಕಾರ್ಪೆಟ್ ತೂರಿ ಕೆಳಗಿನ ಗಟ್ಟಿ ನೆಲವನ್ನು ಹಿಡಿಯುತ್ತದೆ, ಓಲಾಟ ನಿಲ್ಲುತ್ತದೆ. ಆದರೆ ಅದು ನಡುಕವನ್ನು ತಡೆಯುವುದಿಲ್ಲ, ನೇರವಾಗಿ ನೆಲಕ್ಕೆ ದಾಟಿಸುತ್ತದೆ. ನಮ್ಮ ಮನೆಗಳಲ್ಲಿ ಕಾರ್ಪೆಟ್ ಕೆಳಗೆ ಇರೋದು ಟೈಲ್ಸ್. ಮೊನೆ ತಾಗಿದರೆ ಗೀರು ಗ್ಯಾರಂಟಿ. ಬಾಡಿಗೆ ಮನೆಯವರು ಅಡ್ವಾನ್ಸ್ ನೆನಪಿಟ್ಟುಕೊಳ್ಳಿ.

ಮೆತ್ತಗಿನ ಕಾಲಿನ ಗಣಿತ

ಮೇಷ್ಟ್ರು ಹೋದ ಸಂಜೆಯೇ ಓಡಿಹೋಗಿ ವಾಷಿಂಗ್ ಮಷಿನ್ ಕೆಳಗೆ ಇಡುವ ರಬ್ಬರ್ ಪ್ಯಾಡ್ ತಂದೆ. ಸ್ಪೀಕರ್ ಕೆಳಗೆ ಇಟ್ಟೆ. ಗುದ್ದು ಕಡಿಮೆ ಆಗಲಿಲ್ಲ, ಕೆಲವು ಹಾಡಿಗೆ ಜಾಸ್ತಿಯೇ ಆಯ್ತು! ಯಾಕೆ ಅಂತ ಗೊತ್ತಾಗಿದ್ದು ಕಾಲೇಜಿನ ಪಾಠ ನೆನಪಾದ ಮೇಲೆ.

ರಬ್ಬರ್ ಕಾಲು ಒಂದು ಸ್ಪ್ರಿಂಗ್. ಭಾರ ಇಟ್ಟಾಗ ಎಷ್ಟು ಕುಗ್ಗುತ್ತದೆ ಅನ್ನೋದರ ಮೇಲೆ ಅದರ ಸಹಜ ಆವರ್ತನ ನಿಂತಿದೆ. ಸೂತ್ರ ಸುಲಭ: ಕುಗ್ಗಿದ ಮಿಲಿಮೀಟರ್‌ನ ವರ್ಗಮೂಲದಿಂದ 15.8 ಅನ್ನು ಭಾಗಿಸಿ. 1 ಮಿ.ಮೀ. ಕುಗ್ಗಿದರೆ ಸುಮಾರು 16 ಹರ್ಟ್ಜ್, 2.5 ಮಿ.ಮೀ. ಕುಗ್ಗಿದರೆ 10 ಹರ್ಟ್ಜ್, 4 ಮಿ.ಮೀ. ಆದರೆ 8 ಹರ್ಟ್ಜ್. ಇದರ 1.4 ಪಟ್ಟಿಗಿಂತ ಮೇಲಿನ ಸದ್ದಿಗೆ ಮಾತ್ರ ತಡೆ ಸಿಗುತ್ತದೆ. ಅದಕ್ಕಿಂತ ಕೆಳಗೆ ಕಾಲು ಇದ್ದೂ ಇಲ್ಲದಂತೆ, ಸಹಜ ಆವರ್ತನದ ಆಸುಪಾಸಿನಲ್ಲಂತೂ ನಡುಕ ಇನ್ನೂ ಏರುತ್ತದೆ.

ವಾಷಿಂಗ್ ಮಷಿನ್ ಪ್ಯಾಡ್ ತುಂಬಾ ಭಾರಕ್ಕೆ ಮಾಡಿದ ಗಟ್ಟಿ ರಬ್ಬರ್. 22 ಕೆಜಿ ನಾಲ್ಕು ಕಾಲಿಗೆ ಹಂಚಿದರೆ ಒಂದಕ್ಕೆ ಬರೀ 5.5 ಕೆಜಿ. ಅಷ್ಟಕ್ಕೆ ಅದು ಕಣ್ಣಿಗೆ ಕಾಣುವಷ್ಟೂ ಕುಗ್ಗಲಿಲ್ಲ. 0.2 ಮಿ.ಮೀ. ಅಂದುಕೊಂಡರೂ ಸಹಜ ಆವರ್ತನ 35 ಹರ್ಟ್ಜ್. ಅಂದರೆ ನನ್ನ ಸ್ಪೀಕರ್ ಗುದ್ದುವ ಜಾಗದಲ್ಲೇ! ಇದು ಅಂದಾಜು ಲೆಕ್ಕ. ನಡುಗುವಾಗ ರಬ್ಬರ್ ಇನ್ನೂ ಗಟ್ಟಿಯಾಗಿ ವರ್ತಿಸುತ್ತದೆ, ಹಾಗಾಗಿ ನಿಜ ಸ್ಥಿತಿ ಇನ್ನೂ ಕೆಟ್ಟದ್ದೇ.

ಆದ್ದರಿಂದ ಕೊಳ್ಳುವಾಗ ಬ್ರ್ಯಾಂಡ್‌ಗಿಂತ ಮೊದಲು ತೂಕದ ಮಿತಿ ನೋಡಿ. ಐಸೊಅಕೌಸ್ಟಿಕ್ಸ್ ಕಂಪನಿಯ ಗಾಯಾ ಕಾಲುಗಳನ್ನೇ ತೆಗೆದುಕೊಳ್ಳಿ. ಸಣ್ಣದು ಒಂದು ಸ್ಪೀಕರ್‌ಗೆ 32 ಕೆಜಿವರೆಗೆ, ನಡುವಿನದು 54 ಕೆಜಿವರೆಗೆ, ದೊಡ್ಡದು 100 ಕೆಜಿವರೆಗೆ. ದೊಡ್ಡದೇ ಒಳ್ಳೇದು ಅಂತ ಹಗುರ ಸ್ಪೀಕರ್‌ಗೆ ಅದನ್ನು ಹಾಕಿದರೆ ನನ್ನ ಪ್ಯಾಡ್ ಕಥೆಯೇ. ಸ್ಪೀಕರ್ ತಳದ ತಿರುಪಿನ ಅಳತೆಯನ್ನೂ ಮೊದಲೇ ನೋಡಿಟ್ಟುಕೊಳ್ಳಿ. 6 ಮಿ.ಮೀ. ಮತ್ತು 8 ಮಿ.ಮೀ. ಎರಡೂ ಬಳಕೆಯಲ್ಲಿವೆ.

ಕಲ್ಲಿನ ಹಲಗೆ ಯಾಕೆ?

ಮೆತ್ತಗಿನ ಕಾಲನ್ನು ನೇರ ಕಾರ್ಪೆಟ್ ಮೇಲೆ ಇಟ್ಟರೆ ಹಾಸಿಗೆ ಮೇಲೆ ಹಾಸಿಗೆ ಇಟ್ಟ ಹಾಗೆ. ಓಲಾಟ ಇನ್ನೂ ಜಾಸ್ತಿ. ಮಧ್ಯೆ ಒಂದು ಗಟ್ಟಿ, ಅಗಲವಾದ ತಳ ಬೇಕು.

ಇದಕ್ಕೆ ದುಬಾರಿ ಆಡಿಯೊ ಪ್ಲಾಟ್‌ಫಾರ್ಮ್ ಬೇಡ. ಗ್ರಾನೈಟ್ ಅಂಗಡಿಯಲ್ಲಿ ಅಡುಗೆಮನೆ ಕಟ್ಟೆಗೆ ಕೊಯ್ದು ಉಳಿದ ತುಂಡುಗಳು ಬಿದ್ದಿರುತ್ತವೆ. 45 ಸೆಂ.ಮೀ. ಉದ್ದ, 40 ಸೆಂ.ಮೀ. ಅಗಲ, 2 ಸೆಂ.ಮೀ. ದಪ್ಪದ ಎರಡು ತುಂಡು ಕೊಯ್ಸಿ, ಅಂಚು ಉಜ್ಜಿಸಿಕೊಂಡು ಬಂದೆ. ಒಂದೊಂದು ಸುಮಾರು 10 ಕೆಜಿ. ಕಾರ್ಪೆಟ್ ಮೇಲೆ ಕಲ್ಲು, ಕಲ್ಲಿನ ಮೇಲೆ ಸರಿಯಾದ ತೂಕದ ಕಾಲು, ಅದರ ಮೇಲೆ ಸ್ಪೀಕರ್. ಕಲ್ಲು ಸಮತಟ್ಟಾಗಿದೆಯಾ ಅಂತ ಫೋನಿನ ಲೆವೆಲ್ ಆ್ಯಪ್‌ನಲ್ಲೇ ನೋಡಬಹುದು. ಮನೆಯಲ್ಲಿ ಪುಟ್ಟ ಮಕ್ಕಳಿದ್ದರೆ ಸ್ಪೀಕರನ್ನು ಹಿಂದಿನಿಂದ ಪಟ್ಟಿ ಹಾಕಿ ಗೋಡೆಗೆ ಬಿಗಿಯಿರಿ. ಎಳೆದರೆ ಉರುಳುವ ವಸ್ತು ಅದು.

ಪರೀಕ್ಷೆ ಮೇಷ್ಟ್ರ ಹಾಲ್‌ನಲ್ಲಿ

ನಮ್ಮ ಮನೆಯಲ್ಲಿ ಕೂತು ಕೇಳಿದರೆ ಏನು ಪ್ರಯೋಜನ? ಮೇಷ್ಟ್ರ ಒಪ್ಪಿಗೆ ಪಡೆದು ಅವರ ಹಾಲ್‌ನಲ್ಲೇ ನಿಂತೆ. ಮೇಲೆ ನನ್ನ ಹೆಂಡತಿ ಫೋನ್ ಕಿವಿಗಿಟ್ಟುಕೊಂಡು, ನಾನು ಹೇಳಿದಾಗೆಲ್ಲ 40 ಹರ್ಟ್ಜ್ ಸ್ವರ ಹಾಕಿದಳು. ವಾಲ್ಯೂಮ್ ಪ್ರತಿ ಸಲವೂ ಒಂದೇ. ಶೋಕೇಸ್ ಮೇಲೆ ನನ್ನ ಇನ್ನೊಂದು ಫೋನ್, ಅದರಲ್ಲಿ ಕಂಪನ ಅಳೆಯುವ ಫೈಫಾಕ್ಸ್ ಆ್ಯಪ್. ಜರ್ಮನಿಯ ಆಖನ್ ವಿಶ್ವವಿದ್ಯಾಲಯದವರು ಮಾಡಿದ್ದು, ಉಚಿತ.

ಸ್ಪೈಕ್ ಇದ್ದಾಗ ಗಾಜು ಗಡಗಡ. ಕಲ್ಲು ಮತ್ತು ಕಾಲು ಹಾಕಿದ ಮೇಲೆ ಗಾಜಿನ ಸದ್ದು ನಿಂತಿತು, ಆ್ಯಪ್‌ನ ಗೆರೆಯೂ ತಗ್ಗಿತು. ನಾನು ಖುಷಿಯಿಂದ ಮೇಷ್ಟ್ರ ಮುಖ ನೋಡಿದೆ. ಅವರು ತಲೆ ಅಲ್ಲಾಡಿಸಿದರು. "ಗಾಜು ಸುಮ್ಮನಾಯ್ತು. ಗುದ್ದು ಹಾಗೇ ಇದೆಯಲ್ಲಪ್ಪ."

ನಿಜ. ಕಾಲು ತಡೆಯೋದು ನೆಲದ ಮೂಲಕ ಇಳಿಯುವ ನಡುಕವನ್ನು ಮಾತ್ರ. ಗಾಳಿಯಲ್ಲಿ ತುಂಬಿದ ಬೇಸ್ ಇಡೀ ಸ್ಲ್ಯಾಬನ್ನೇ ಅಲುಗಿಸಿ ಕೆಳಗೆ ದಾಟುತ್ತದೆ. ಅದಕ್ಕೆ ಯಾವ ಕಾಲೂ ಮದ್ದಲ್ಲ. ಕಾಂಕ್ರೀಟ್ ಸ್ಲ್ಯಾಬ್ ಇರುವ ನಮ್ಮ ಫ್ಲ್ಯಾಟ್‌ಗಳಲ್ಲಿ ದೊಡ್ಡ ಪಾಲು ಇದೇ. ಅಮೆರಿಕದಲ್ಲಿರುವ ಗೆಳೆಯರೇ, ನಿಮ್ಮ ಲೆಕ್ಕ ಬೇರೆ. ಮರದ ತೊಲೆ, ಪ್ಲೈವುಡ್, ಮೇಲೆ ಗೋಡೆಯಿಂದ ಗೋಡೆಗೆ ಕಾರ್ಪೆಟ್ ಇರುವ ನೆಲ ಸ್ವತಃ ಡೋಲು. ಅಲ್ಲಿ ಒಳ್ಳೆ ಕಾಲಿಗೆ ಹಾಕಿದ ದುಡ್ಡು ಹೆಚ್ಚು ಕೆಲಸ ಮಾಡುತ್ತದೆ.

ಮತ್ತೆ ಮೇಲೆ ಬಂದು ದುಡ್ಡಿಲ್ಲದ ಕೆಲಸ ಮಾಡಿದೆ. ಮೂಲೆ ಬೇಸನ್ನು ಹೆಚ್ಚಿಸುತ್ತದೆ, ಹಾಗಾಗಿ ಸ್ಪೀಕರನ್ನು ಮೂಲೆಯಿಂದ ಆಚೆ ಎಳೆದು ಗೋಡೆಯಿಂದ ಎರಡು ಅಡಿ ಮುಂದಿಟ್ಟೆ. ಆ್ಯಂಪ್ಲಿಫೈಯರ್ ಆ್ಯಪ್‌ನಲ್ಲಿ 60 ಹರ್ಟ್ಜ್‌ನಿಂದ ಕೆಳಗೆ 6 ಡೆಸಿಬಲ್ ಇಳಿಸಿದೆ. ಕೆಳಗೆ ಹೋಗಿ ಕೇಳಿದರೆ, ಅವತ್ತಿನ ದೊಡ್ಡ ವ್ಯತ್ಯಾಸ ಇದೇ!

ಹಾಗಾಗಿ ನೀವು ಶುರು ಮಾಡೋದಾದರೆ ಈ ಕ್ರಮ: ಮೊದಲು ಜಾಗ ಬದಲಿಸಿ, ಆಮೇಲೆ ಬೇಸ್ ಇಳಿಸಿ. ಓಲಾಡುತ್ತಿದ್ದರೆ ಕಲ್ಲು ಹಾಕಿ. ಇಷ್ಟಾದ ಮೇಲೂ ಕೆಳಗೆ ಗಡಗಡ ಇದ್ದರೆ ಮಾತ್ರ ತೂಕಕ್ಕೆ ತಕ್ಕ ಕಾಲು ಕೊಳ್ಳಿ. ನಾನು ಇದನ್ನೆಲ್ಲ ತಲೆಕೆಳಗಾಗಿ ಮಾಡಿ ಪಾಠ ಕಲಿತೆ.

ಕಾನೂನಿನ ಪ್ರಕಾರ ರಾತ್ರಿ ಅಂದರೆ ಹತ್ತರಿಂದ ಆರು. ನಮ್ಮಿಬ್ಬರ ಒಪ್ಪಂದ ಬೇರೆ: ಮಧ್ಯಾಹ್ನ ಎರಡರಿಂದ ನಾಲ್ಕು ಹಾಡಿಲ್ಲ, ರಾತ್ರಿ ಒಂಬತ್ತರ ಮೇಲೆ ಹೆಡ್‌ಫೋನ್. ಮೊನ್ನೆ ಲಿಫ್ಟ್‌ನಲ್ಲಿ ಮೇಷ್ಟ್ರು ಸಿಕ್ಕಿದ್ದರು. ವಾಕರ್ ಹಿಡಿದು ಆಂಟಿಯೂ ಇದ್ದರು.

"ಈಗ ಹೇಗಿದೆ ಆಂಟಿ?" ಅಂದೆ.

"ಸಣ್ಣಗೆ ಇದೆಯಪ್ಪ, ಇಲ್ಲ ಅನ್ನಲ್ಲ. ಆದ್ರೆ ಮಧ್ಯಾಹ್ನ ನಿದ್ದೆ ಬರ್ತಿದೆ," ಅಂದರು.