ತಾನೇ ಗೇರು ಹಾಕುವ ಕಾರು ನರಳಿದಾಗ

ಬೇಸಗೆ ರಜೆಯಲ್ಲಿ ರೊದ್ದಂನ ಅಕ್ಕನ ಮನೆಗೆ ಹೋಗಿದ್ದೆ. ಪಾವಗಡದಿಂದ ಪೂರ್ವಕ್ಕೆ ಗಡಿ ದಾಟಿದರೆ ಸಿಗುವ ಊರದು. ಉತ್ತರ ಪಿನಾಕಿನಿಯ ದಡದಲ್ಲಿದೆ. ಮೊದಲು ಅನಂತಪುರ ಜಿಲ್ಲೆಯಲ್ಲಿತ್ತು, 2022ರಿಂದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆ. ನಮ್ಮಲ್ಲಿ ಅಡಿಕೆ ಹೇಗೋ ಅಲ್ಲಿ ನೆಲಗಡಲೆ ಮತ್ತು ಹಿಪ್ಪುನೇರಳೆ. ಅಕ್ಕನ ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತೆಲುಗು. ಮನೆಗೊಂದು ಬೀದಿಗೊಂದು ಭಾಷೆಯನ್ನಿಟ್ಟುಕೊಂಡು ಬದುಕುವುದು ಕಾಸರಗೋಡಿನ ನಮಗೇನೂ ಹೊಸದಲ್ಲವಷ್ಟೆ.

ನಾನು ಹೋದ ಸಂಜೆ ಮನೆಯಲ್ಲಿ ಯಾರಿಗೂ ಮಾತಿರಲಿಲ್ಲ. ಭಾವನ ಎಡಮೊಣಕಾಲಿಗೆ ಶಸ್ತ್ರಚಿಕಿತ್ಸೆಯಾದ ಮೇಲೆ ಅವರಿಗೆ ಕ್ಲಚ್ ತುಳಿಯಲಾಗುವುದಿಲ್ಲ. ಆದುದರಿಂದ ಎರಡು ವರ್ಷಗಳ ಹಿಂದೆ ಒಂದು ಹಳೆಯ ಆಟೋಮ್ಯಾಟಿಕ್ ಕಾರನ್ನು ಕೊಂಡಿದ್ದರು. ಕ್ಲಚ್ ಪೆಡಲಿಲ್ಲದ, ತಾನೇ ಗೇರು ಬದಲಿಸಿಕೊಳ್ಳುವ ಕಾರು. ಈಗ ಅದು ವಿಚಿತ್ರವಾಗಿ ಸದ್ದು ಮಾಡತೊಡಗಿತ್ತು. ಒಂದು ವರ್ಕ್‌ಶಾಪಿನವರು ಬಾನೆಟ್ ತೆರೆದು ಎರಡು ನಿಮಿಷ ಕೇಳಿ, “ಗೇರ್ ಬಾಕ್ಸ್ ಹೋಗಿದೆ, ಒಂದೂವರೆ ಲಕ್ಷ ಆಗುತ್ತೆ” ಎಂದಿದ್ದರಂತೆ. ಅಕ್ಕನ ಸರ ಒತ್ತೆಯಿಡುವ ಮಾತು ನಡೆದಿತ್ತು. ಮರುದಿನ ಕಾರನ್ನು ಟ್ರ್ಯಾಕ್ಟರಿಗೆ ಹಗ್ಗದಿಂದ ಕಟ್ಟಿ ಹಿಂದೂಪುರಕ್ಕೆ ಎಳೆದುಕೊಂಡು ಹೋಗುವುದೆಂದೂ ನಿಶ್ಚಯವಾಗಿತ್ತು.

ನನಗೆ ಯಂತ್ರಗಳ ಗಂಧ ಅಷ್ಟಕ್ಕಷ್ಟೆ. ಆದರೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ದುಬೈಯಲ್ಲಿ ಇಂಥ ಗೇರ್ ಬಾಕ್ಸುಗಳನ್ನೇ ಬಿಚ್ಚಿ ಜೋಡಿಸುವ ಕೆಲಸದಲ್ಲಿದ್ದಾನೆ. ರಾತ್ರಿ ಅವನಿಗೆ ಫೋನ್ ಮಾಡಿದೆ. ಟ್ರ್ಯಾಕ್ಟರಿನ ಹೆಸರೆತ್ತಿದ ಕೂಡಲೇ ಅವನು ಗಾಬರಿಗೊಂಡು, “ಬೇಡ ಸರ್, ಇರುವ ಗೇರ್ ಬಾಕ್ಸೂ ಹೋದೀತು” ಎಂದ.

ಕಾರಣ ಸರಳ. ಇಂಥ ಗೇರ್ ಬಾಕ್ಸಿನೊಳಗೆ ಎಣ್ಣೆಯನ್ನು ಎಲ್ಲೆಡೆಗೂ ತಳ್ಳುವ ಒಂದು ಪಂಪು ಇರುತ್ತದೆ. ಎಂಜಿನ್ ತಿರುಗಿದರೆ ಮಾತ್ರ ಅದು ತಿರುಗುತ್ತದೆ. ಎಂಜಿನ್ ನಿಲ್ಲಿಸಿ, ಶಕ್ತಿ ಪಡೆಯುವ ಚಕ್ರಗಳು ನೆಲದಲ್ಲಿರುವಂತೆಯೇ ಎಳೆದರೆ ಒಳಗಿನ ಹಲ್ಲುಗಾಲಿಗಳು ಎಣ್ಣೆಯಿಲ್ಲದೆ ತಿರುಗಿ ಸುಟ್ಟುಹೋಗುತ್ತವೆ. ಆ ಚಕ್ರಗಳನ್ನು ನೆಲದಿಂದ ಎತ್ತಬೇಕು, ಇಲ್ಲವೆ ಕಾರನ್ನು ಲಾರಿಯ ಮೇಲೆ ಹೇರಿಸಬೇಕು. ತಳ್ಳಿ ಸ್ಟಾರ್ಟ್ ಮಾಡುವ ನಮ್ಮ ಹಳೆಯ ಉಪಾಯವೂ ಇದಕ್ಕೆ ಹಿಡಿಸದು.

“ಸದ್ದು ಹೇಗೆ ಬರುತ್ತದೆ ಸರ್? ಯಾವಾಗ ಬರುತ್ತದೆ?” ಎಂದು ಅವನು ಕೇಳಿದ. ಮೊಬೈಲಿನಲ್ಲಿ ಧ್ವನಿಮುದ್ರಿಸಿ ಕಳುಹಿಸಿದ್ದೆವು, ಅದರಲ್ಲಿ ಎಂಜಿನ್ನಿನ ಗದ್ದಲವೇ ಹೆಚ್ಚು. ಕೊನೆಗೆ ಬಾಯಲ್ಲೇ ಹೇಳಬೇಕಾಯಿತು. ಗರಗರ, ಕಟಕಟ, ದಡದಡ ಎಂದು ಅನುಕರಣಾವ್ಯಯಗಳನ್ನು ಎಷ್ಟು ವರ್ಷ ಬೋರ್ಡಿನ ಮೇಲೆ ಬರೆದಿದ್ದೇನೋ! ಅವುಗಳಿಂದ ಒಂದೂವರೆ ಲಕ್ಷದ ಲೆಕ್ಕ ತೀರ್ಮಾನವಾದೀತೆಂದು ಎಣಿಸಿರಲಿಲ್ಲ.

ಬೆಳಗ್ಗೆ ಅಂಗಳದಲ್ಲಿ ಪರೀಕ್ಷೆ ಆರಂಭವಾಯಿತು. ಚಕ್ರಗಳಿಗೆ ಕಲ್ಲು ಕೊಟ್ಟು, ಹ್ಯಾಂಡ್ ಬ್ರೇಕ್ ಎಳೆದು, ಮಕ್ಕಳನ್ನು ಮುಂದಿನಿಂದ ಓಡಿಸಿದೆವು. ಲಿವರನ್ನು ‘ಪಿ’ಯಲ್ಲಿಟ್ಟು ಆಕ್ಸಿಲರೇಟರ್ ಒತ್ತಿದರೆ ‘ಕುಯ್ಯ್’ ಎಂಬ ಸಣ್ಣ ಕೊರಗು. ಎಂಜಿನ್ ಏರಿದಂತೆ ಅದೂ ಏರುತ್ತಿತ್ತು. ಕಾರು ನಿಂತಿರುವಾಗಲೂ ಬರುವ, ಎಂಜಿನ್ನಿನೊಡನೆ ಏರಿಳಿಯುವ ಸದ್ದಾದರೆ ಮೊದಲು ಎಣ್ಣೆ ನೋಡಬೇಕಂತೆ. ಎಣ್ಣೆ ತಗ್ಗಿದರೆ ಅಥವಾ ಜಾಲರಿ ಕಟ್ಟಿಕೊಂಡರೆ ಪಂಪು ಗಾಳಿ ಹೀರಿ ಕೊರಗುತ್ತದೆ. ಕಾರಿನ ಪುಸ್ತಕದಲ್ಲಿ ಹೇಳಿದಂತೆ ಎಂಜಿನ್ ಬಿಸಿಯಾಗಿ ಓಡುತ್ತಿರುವಾಗಲೇ ಕಡ್ಡಿ ಎಳೆದು ನೋಡಿದೆವು. (ಹೊಸ ಕಾರುಗಳಲ್ಲಿ ಎಷ್ಟೋ ಸಲ ಈ ಕಡ್ಡಿಯೇ ಇರುವುದಿಲ್ಲ.) ಎಣ್ಣೆ ಕೆಳಗಿನ ಗೆರೆಯನ್ನೂ ಮುಟ್ಟಿರಲಿಲ್ಲ. ಕೆಂಪಗಿರಬೇಕಾದದ್ದು ಕಡು ಚಹಾದ ಬಣ್ಣಕ್ಕೆ ತಿರುಗಿತ್ತು. ಸುಟ್ಟ ವಾಸನೆ ಮಾತ್ರ ಇರಲಿಲ್ಲ. ಕೆಳಗೆ ಬಗ್ಗಿ ನೋಡಿದರೆ ಬಲಚಕ್ರದ ಆ್ಯಕ್ಸಲ್ ಗೇರ್ ಬಾಕ್ಸಿಗೆ ಸೇರುವಲ್ಲಿ ಜಿಡ್ಡು. ಆಯಿಲ್ ಸೀಲ್ ಸವೆದು ಹನಿಹನಿಯಾಗಿ ಸೋರುತ್ತಿತ್ತು.

ಎರಡನೆಯದು ಬೇರೆಯೇ ಸದ್ದು. ಬ್ರೇಕನ್ನು ಗಟ್ಟಿಯಾಗಿ ಒತ್ತಿ ‘ಡಿ’ಗೆ ಹಾಕಿದರೆ ‘ಗೊರ್ರ್’. ‘ಎನ್’ಗೆ ತಂದರೆ ಮಾಯ. ಇದನ್ನು ತಿಳಿಯಲು ಒಳಗಿನ ಏರ್ಪಾಟನ್ನು ತುಸು ತಿಳಿಯಬೇಕು. ಎರಡು ಟೇಬಲ್ ಫ್ಯಾನುಗಳನ್ನು ಎದುರುಬದುರು ಇಟ್ಟು ಒಂದಕ್ಕೆ ಮಾತ್ರ ವಿದ್ಯುತ್ ಕೊಟ್ಟರೆ ಅದರ ಗಾಳಿಗೆ ಇನ್ನೊಂದೂ ತಿರುಗುತ್ತದಲ್ಲವೆ? ಗಾಳಿಯ ಬದಲು ಎಣ್ಣೆ ಎಂದುಕೊಳ್ಳಿ. ಇದೇ ಟಾರ್ಕ್ ಕನ್ವರ್ಟರ್. ಜರ್ಮನಿಯ ಎಂಜಿನಿಯರ್ ಹೆರ್ಮನ್ ಫೋಟಿಂಗರ್ 1905ರಲ್ಲಿ ಹಡಗುಗಳಿಗಾಗಿ ಕಂಡುಹಿಡಿದ ಉಪಾಯದಿಂದ ಬಂದದ್ದು. ಎಣ್ಣೆಯ ಮೂಲಕ ಶಕ್ತಿ ಸಾಗಿಸಿ ತಾನೇ ಗೇರು ಬದಲಿಸುವ ಏರ್ಪಾಟು ದೊಡ್ಡ ಪ್ರಮಾಣದಲ್ಲಿ ಕಾರಿಗೆ ಬಂದದ್ದು ಅಮೆರಿಕದಲ್ಲಿ, 1940ರ ಮಾದರಿಯ ಓಲ್ಡ್ಸ್‌ಮೊಬೈಲಿನಲ್ಲಿ. ‘ಎನ್’ನಲ್ಲಿ ಎರಡು ಫ್ಯಾನುಗಳೂ ಹೆಚ್ಚುಕಡಿಮೆ ಜತೆಯಾಗಿ ತಿರುಗುವುದರಿಂದ ಅವುಗಳ ನಡುವಣ ಬೇರಿಂಗಿಗೆ ಕೆಲಸವಿಲ್ಲ. ‘ಡಿ’ಗೆ ಹಾಕಿ ಬ್ರೇಕ್ ಹಿಡಿದಾಗ ಒಂದು ನಿಂತಿರುತ್ತದೆ, ಇನ್ನೊಂದು ತಿರುಗುತ್ತದೆ. ಬೇರಿಂಗ್ ಸವೆದಿದ್ದರೆ ಆಗ ಕೂಗುತ್ತದೆ. ಈ ಪರೀಕ್ಷೆಯನ್ನು ಕೆಲವೇ ಸೆಕೆಂಡುಗಳಲ್ಲಿ ಮುಗಿಸಬೇಕು, ಇಲ್ಲವಾದರೆ ಎಣ್ಣೆ ಕಾಯುತ್ತದೆ. “ಇದು ಮಾತ್ರ ನಿಜವಾದ ಸವೆತ” ಎಂದ ಹುಡುಗ. ಭಾವನ ಮುಖ ಸಣ್ಣಗಾಯಿತು.

ಮೂರನೆಯ ಸದ್ದಿಗಾಗಿ, ಎಣ್ಣೆಯನ್ನು ಗೆರೆಯವರೆಗೆ ತುಂಬಿಸಿದ ಬಳಿಕ, ರಸ್ತೆಗೆ ಹೋಗಬೇಕಾಯಿತು. ಪೆನುಕೊಂಡದ ಕಡೆಗೆ ನಿಧಾನವಾಗಿ ಹೊರಟೆವು. ಪೆನುಕೊಂಡದ ಬಳಿ ಎರ್ರಮಂಚಿಯಲ್ಲಿ 2019ರಿಂದ ಕಾರು ತಯಾರಿಸುತ್ತಿರುವ ಕಿಯಾ ಕಾರ್ಖಾನೆಯಿದೆ. ವರ್ಷಕ್ಕೆ 3 ಲಕ್ಷ ಕಾರುಗಳ ಸಾಮರ್ಥ್ಯದೊಡನೆ ಆರಂಭವಾದದ್ದು. (ಭಾವನ ಕಾರು ಅಲ್ಲಿಯದಲ್ಲ, ಅದಕ್ಕಿಂತ ಹಳೆಯದು.) ಅಷ್ಟು ಹತ್ತಿರದಲ್ಲಿ ಕಾರುಗಳು ಹುಟ್ಟುತ್ತಿದ್ದರೂ ರೊದ್ದಂನಲ್ಲಿ ಈ ಗೇರ್ ಬಾಕ್ಸ್ ಬಲ್ಲವರು ನಮಗೆ ಸಿಗದೆ ದುಬೈಯನ್ನು ಕೇಳಬೇಕಾಯಿತು!

ನಲವತ್ತು ಕಿಲೋಮೀಟರ್ ವೇಗ ದಾಟಿದಾಗ ‘ಹೂಂ’ ಎಂಬ ಗುನುಗು ಶುರುವಾಯಿತು. ವೇಗ ಅಷ್ಟೇ ಇರಿಸಿ ಲಿವರಿನಿಂದ ಕೆಳಗಿನ ಗೇರಿಗೆ ತಂದೆವು. ಎಂಜಿನ್ನಿನ ಸದ್ದು ಏರಿತು, ಗುನುಗು ಬದಲಾಗಲಿಲ್ಲ. ಹಾಗಾದರೆ ಅದು ಎಂಜಿನ್ನಿನ ಜತೆಗಿಲ್ಲ, ಚಕ್ರದ ಜತೆಗಿದೆ. ಎಡಕ್ಕೆ ಬಾಗುವಾಗ ಕಾರಿನ ಭಾರ ಬಲಚಕ್ರಕ್ಕೆ ಬೀಳುತ್ತದೆ, ಸದ್ದು ದಪ್ಪವಾಗುತ್ತದೆ. ಬಲಕ್ಕೆ ಬಾಗಿದರೆ ಇಳಿಯುತ್ತದೆ. ಮನೆಗೆ ಬಂದು ಜ್ಯಾಕ್ ಕೊಟ್ಟು ಆ ಚಕ್ರವನ್ನು ಕೈಯಿಂದ ತಿರುಗಿಸಿದಾಗ ಬೀಸುಕಲ್ಲಿನಂತೆ ಗರಗರ ಎಂದಿತು. ಹೋದದ್ದು ಚಕ್ರದ ಬೇರಿಂಗ್. ಗೇರ್ ಬಾಕ್ಸಿಗೂ ಅದಕ್ಕೂ ಸಂಬಂಧವಿಲ್ಲ!

ಹೀಗೆ ಗೇರ್ ಬಾಕ್ಸಿನ ತಲೆಗೆ ಬರುವ ಅಪವಾದಗಳು ಇನ್ನೂ ಕೆಲವಿವೆ. ಸ್ಟಿಯರಿಂಗ್ ಪೂರ್ತಿ ತಿರುಗಿಸಿದಾಗ ಕಟಕಟ ಎಂದರೆ ಹೆಚ್ಚಾಗಿ ಆ್ಯಕ್ಸಲಿನ ಹೊರಗಿನ ಕೀಲು. ‘ಡಿ’ಗೋ ‘ಆರ್’ಗೋ ಹಾಕಿದಾಗ ದಡ್ ಎಂದು ಬಡಿದರೆ ಎಂಜಿನ್ ಕೂತಿರುವ ರಬ್ಬರ್ ಮೌಂಟಿಂಗ್ ಹರಿದಿರಬಹುದು. ಮತ್ತೊಂದು ವಿಷಯ: ‘ಆಟೋಮ್ಯಾಟಿಕ್’ ಎಂಬ ಹೆಸರಿನಲ್ಲಿ ಹಲವು ಜಾತಿಗಳಿವೆ. 2014ರಲ್ಲಿ ಮಾರುತಿ ಸೆಲೆರಿಯೊದೊಡನೆ ನಮ್ಮ ದೇಶಕ್ಕೆ ಬಂದ ಎಎಂಟಿ ಎಂಬುದು ಸಾಮಾನ್ಯ ಗೇರ್ ಬಾಕ್ಸೇ. ಕ್ಲಚ್ಚನ್ನು ಕಾಲಿನ ಬದಲು ಯಂತ್ರ ಒತ್ತುತ್ತದೆ, ಅಷ್ಟೆ. ಬೆಲ್ಟಿನಿಂದ ನಡೆಯುವ ಸಿವಿಟಿಯ ಎಣ್ಣೆಯೇ ಬೇರೆ. ಪುಸ್ತಕದಲ್ಲಿ ಬರೆದ ಎಣ್ಣೆಯನ್ನು ಬಿಟ್ಟು “ಎಲ್ಲಾ ಒಂದೇ” ಎಂದು ಸಿಕ್ಕಿದ್ದನ್ನು ಸುರಿಯುವವರ ಕೈಗೆ ಕಾರು ಕೊಡಬಾರದು.

ನಾನು ಮೂರು ಸದ್ದುಗಳನ್ನೂ ಅವು ಬರುವ ಹೊತ್ತನ್ನೂ ಒಂದು ಹಾಳೆಯಲ್ಲಿ ಬರೆದುಕೊಟ್ಟೆ. ಭಾವ ಅದನ್ನು ಹಿಡಿದು ಹಿಂದೂಪುರದಲ್ಲಿ ಬೇರೊಬ್ಬ ಮೇಸ್ತ್ರಿಯ ಬಳಿಗೆ ಹೋದರು. ಅವರಿಗೆ ಕನ್ನಡ ಓದಲು ಬಾರದು. ಭಾವ ಓದಿ ಹೇಳಿದಾಗ ‘ಕುಯ್ಯ್’ ‘ಗೊರ್ರ್’ಗಳಿಗೆ ತೆಲುಗು ಅನುವಾದವೇನೂ ಬೇಕಾಗಲಿಲ್ಲವಂತೆ. ಸೀಲ್, ಎಣ್ಣೆ, ಜಾಲರಿ, ಚಕ್ರದ ಬೇರಿಂಗ್ ಎಲ್ಲ ಸೇರಿ ಹದಿನಾಲ್ಕು ಸಾವಿರ ರೂಪಾಯಿಗಳಾದವು. ಗೇರ್ ಬಾಕ್ಸಿನ ತಳದ ತಟ್ಟೆ ಬಿಚ್ಚಿದಾಗ ಅಲ್ಲಿನ ಅಯಸ್ಕಾಂತಕ್ಕೆ ಬೂದುಬಣ್ಣದ ನುಣುಪಾದ ಕೆಸರು ಮಾತ್ರ ಅಂಟಿತ್ತು. ಅದು ಸಹಜ ಸವೆತ. ಉಕ್ಕಿನ ಚೂರುಗಳು ಕಂಡಿದ್ದರೆ ಕಥೆ ಬೇರೆಯಾಗುತ್ತಿತ್ತು.

ಕುಯ್ಯ್ ನಿಂತಿತು, ಹೂಂ ನಿಂತಿತು. ಗೊರ್ರ್ ನಿಂತಿಲ್ಲ. ಕನ್ವರ್ಟರನ್ನು ಬದಲಿಸಲೇಬೇಕು. ಬಹಳ ದಿನ ತಳ್ಳಿದರೆ ಬೇರಿಂಗಿನ ಪುಡಿ ಎಣ್ಣೆಯಲ್ಲಿ ಸೇರಿ ಉಳಿದದ್ದನ್ನೂ ತಿಂದುಹಾಕುತ್ತದೆ ಎಂದು ದುಬೈಯ ಹುಡುಗ ಎಚ್ಚರಿಸಿದ್ದಾನೆ. ಗೇರ್ ಬಾಕ್ಸನ್ನು ಇಳಿಸಲೇಬೇಕಾದ್ದರಿಂದ ಖರ್ಚು ಸಣ್ಣದಲ್ಲ. ಆದರೆ ಒಂದೂವರೆ ಲಕ್ಷವೂ ಅಲ್ಲ.

ಕಳೆದ ಭಾನುವಾರ ಭಾವ ಫೋನ್ ಮಾಡಿದ್ದರು. “ಇನ್ನೂ ಗೊರ್ರ್ ಅನ್ನುತ್ತಪ್ಪಾ, ಜಾಸ್ತಿ ಏನೂ ಆಗಿಲ್ಲ. ಈ ಸಲದ ರೇಷ್ಮೆಗೂಡು ಮಾರಿದ ಮೇಲೆ ಬಿಚ್ಚಿಸ್ತೀನಿ” ಎಂದರು. ಹಿಂದಿನಿಂದ ಅಕ್ಕ, “ಗೂಡು ಮಾರೋ ತನಕ ಹಿಂದೂಪುರಕ್ಕೆ ಬಸ್ಸಲ್ಲೇ ಹೋಗೋಕೆ ಹೇಳು” ಎಂದು ಕೂಗಿದ್ದು ಕೇಳಿಸಿತು.